ಹುಣ್ಣಿಮೆಯ ವೃತ್ತದೊಳಗಿನ ದೇವಿ: ವಿಕ್ಕಾ ಪಂಥದಲ್ಲಿ ಸ್ತ್ರೀದೈವ ರೂಪುಗೊಂಡ ಬಗೆ

ಹುಣ್ಣಿಮೆಯ ರಾತ್ರಿ, ಮಾಟವಿದ್ಯೆಯನ್ನು (ವಿಚ್‌ಕ್ರಾಫ್ಟ್) ಧರ್ಮವಾಗಿ ಆಚರಿಸುವ ಇಂಗ್ಲೆಂಡ್ ಮೂಲದ ವಿಕ್ಕಾ ಪಂಥದ ಕೂಟದವರು ನೆಲದ ಮೇಲೆ ವೃತ್ತವೊಂದನ್ನು ಕಲ್ಪಿಸಿಕೊಂಡು, ನಾಲ್ಕು ದಿಕ್ಕುಗಳಿಗೂ ವಂದಿಸಿ, ಅದರೊಳಗೆ ಸೇರುತ್ತಾರೆ. ಕೂಟದ ಪ್ರಧಾನ ಅರ್ಚಕಿ ನಡುವೆ ನಿಲ್ಲುತ್ತಾಳೆ, ಅರ್ಚಕನು ಅವಳ ಮುಂದೆ ಮಂಡಿಯೂರಿ ದೇವಿಯನ್ನು ಆವಾಹಿಸುತ್ತಾನೆ. ‘ಚಂದ್ರನನ್ನು ಇಳಿಸಿಕೊಳ್ಳುವುದು’ ಎಂದು ಕರೆಯಲಾಗುವ ಈ ವಿಧಿ ಮುಗಿದ ಬಳಿಕ ಆ ಅರ್ಚಕಿ ದೇವಿಯ ಪರವಾಗಿ ಅಲ್ಲ, ದೇವಿಯೇ ಆಗಿ, ‘ನಾನು’ ಎಂದೇ ಮಾತನಾಡುತ್ತಾಳೆ. ಊರಹಬ್ಬಗಳಲ್ಲಿ ದೇವರು ಮೈಮೇಲೆ ಬರುವುದನ್ನು ಕಂಡಿರುವ ಕನ್ನಡಿಗರಿಗೆ ಇದರ ಹೊರರೂಪ ಅಷ್ಟೇನೂ ಅಪರಿಚಿತವೆನಿಸದು. ಚಂದ್ರನನ್ನು ಗಂಡೆಂದೇ, ಮಕ್ಕಳ ಪಾಲಿನ ಚಂದಮಾಮನೆಂದೇ ಬಲ್ಲ ನಮಗೆ ಅವನು ಅಲ್ಲಿ ದೇವಿಯಾಗಿರುವುದೇ ಹೊಸದು.

ದೇವರನ್ನು ತಂದೆಯೆಂದೇ ಕರೆಯುತ್ತ ಬಂದ ಕ್ರೈಸ್ತ ಇಂಗ್ಲೆಂಡಿನಲ್ಲಿ ಇಂತಹ ದೇವಿ ಎಲ್ಲಿಂದ ಬಂದಳು? ಆಕೆ ಶಿಲಾಯುಗದಿಂದ ಗುಟ್ಟಾಗಿ ಉಳಿದು ಬಂದವಳು ಎಂಬುದು ಪಂಥದವರು ದಶಕಗಳ ಕಾಲ ನೀಡಿದ ಉತ್ತರ. ದಾಖಲೆಗಳು ಹೇಳುವುದು ಬೇರೆ. ಈ ದೇವಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಹೆಸರು ಗೊತ್ತಿರುವ ಜನರ ಕೈಯಲ್ಲಿ, ಹಳೆಯ ಮತ್ತು ಹೊಸ ಎಳೆಗಳಿಂದ ನೇಯಲ್ಪಟ್ಟವಳು. ಅದರಿಂದ ಆಕೆಯ ಬೆಲೆ ಕುಗ್ಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಆದರೆ ಆ ನೇಯ್ಗೆಯಲ್ಲಿ ಯಾರ ಕೈ ಎಷ್ಟಿತ್ತು ಎಂಬುದನ್ನು ಸರಿಯಾಗಿ ತಿಳಿಯದೆ ಆಕೆಯನ್ನು ಅರ್ಥ ಮಾಡಿಕೊಳ್ಳಲಾಗದು.

ಎಳೆಗಳು ಹತ್ತೊಂಬತ್ತನೆಯ ಶತಮಾನದಿಂದಲೇ ಸಿದ್ಧವಾಗತೊಡಗಿದ್ದವು. ಸ್ವಿಟ್ಜರ್ಲೆಂಡಿನ ನ್ಯಾಯಶಾಸ್ತ್ರಜ್ಞ ಬಾಖೋಫೆನ್ 1861ರಲ್ಲಿ, ಮಾನವ ಸಮಾಜ ಮೊದಲು ತಾಯಿಯ ಅಧಿಕಾರದಲ್ಲಿತ್ತು, ತಂದೆಯ ಆಳ್ವಿಕೆ ನಂತರದ್ದು ಎಂಬ ವಾದವನ್ನು ಮುಂದಿಟ್ಟರು. ಅಮೆರಿಕದ ಜಾನಪದ ಸಂಗ್ರಾಹಕ ಚಾರ್ಲ್ಸ್ ಲೇಲ್ಯಾಂಡ್ 1899ರಲ್ಲಿ ಪ್ರಕಟಿಸಿದ ‘ಅರಾಡಿಯಾ’ ಎಂಬ ಗ್ರಂಥ, ಇಟಲಿಯ ಟಸ್ಕನಿ ಪ್ರಾಂತದಲ್ಲಿ ಡಯಾನಾ ದೇವಿಯನ್ನೂ ಆಕೆಯ ಮಗಳನ್ನೂ ಪೂಜಿಸುವವರು ಇನ್ನೂ ಇದ್ದಾರೆಂದು ಸಾರಿತು. ಈಜಿಪ್ಟ್ ಅಧ್ಯಯನದ ವಿದ್ವಾಂಸೆ ಮಾರ್ಗರೆಟ್ ಮರ್ರೆ 1921ರಲ್ಲಿ, ಯುರೋಪಿನಲ್ಲಿ ಮಾಟಗಾತಿಯರೆಂದು ಕೊಲ್ಲಲ್ಪಟ್ಟವರು ನಿಜವಾಗಿ ಪ್ರಾಚೀನ ಧರ್ಮವೊಂದರ ಅನುಯಾಯಿಗಳಾಗಿದ್ದರು ಎಂದು ವಾದಿಸಿದರು. ಆದರೆ ಮರ್ರೆಯವರ ಚಿತ್ರದಲ್ಲಿ ಮುಂದೆ ನಿಂತವನು ಕೊಂಬಿನ ದೇವರು, ದೇವಿ ಅಲ್ಲ. ದೇವಿಗೆ ಕನ್ಯೆ, ತಾಯಿ, ಮುದುಕಿ ಎಂಬ ಮೂರು ಮುಖಗಳನ್ನು ಜನಪ್ರಿಯಗೊಳಿಸಿದ್ದು ಕವಿ ರಾಬರ್ಟ್ ಗ್ರೇವ್ಸ್ 1948ರಲ್ಲಿ ಹೊರತಂದ ‘ದಿ ವೈಟ್ ಗಾಡೆಸ್’.

ಈ ಎಳೆಗಳನ್ನು ಆಚರಣೆಯ ರೂಪಕ್ಕೆ ತಂದವರು ಜೆರಾಲ್ಡ್ ಗಾರ್ಡ್ನರ್. ಸಿಲೋನಿನ ತೋಟಗಳಲ್ಲಿಯೂ ಮಲಯಾದ ಸುಂಕದ ಇಲಾಖೆಯಲ್ಲಿಯೂ ದುಡಿದು 1936ರಲ್ಲಿ ಇಂಗ್ಲೆಂಡಿಗೆ ಮರಳಿದ ಅವರು, 1939ರಲ್ಲಿ ನ್ಯೂ ಫಾರೆಸ್ಟ್ ಪ್ರದೇಶದ ಗುಪ್ತ ಕೂಟವೊಂದು ತಮಗೆ ದೀಕ್ಷೆ ನೀಡಿತೆಂದು ಹೇಳಿಕೊಂಡರು. 1735ರ ಮಾಟವಿದ್ಯೆ ಕಾಯ್ದೆ 1951ರಲ್ಲಿ ರದ್ದಾಯಿತು. ಮೂರು ವರ್ಷಗಳ ಬಳಿಕ ಅವರು ‘ವಿಚ್‌ಕ್ರಾಫ್ಟ್ ಟುಡೇ’ ಎಂಬ ಪುಸ್ತಕವನ್ನು ಬಹಿರಂಗವಾಗಿಯೇ ಪ್ರಕಟಿಸಿದರು, ಅದಕ್ಕೆ ಮರ್ರೆಯವರೇ ಮುನ್ನುಡಿ ಬರೆದರು. ‘ವಿಚ್’ ಎಂಬುದನ್ನು ಕನ್ನಡದಲ್ಲಿ ಮಾಟಗಾತಿ ಎಂದೊಡನೆ ಕೇಡು ಬಗೆಯುವ ಹೆಂಗಸಿನ ಚಿತ್ರವೇ ಕಣ್ಣೆದುರು ಬರುತ್ತದೆ. ಇಂಗ್ಲಿಷಿನಲ್ಲಿಯೂ ಆ ಪದಕ್ಕಿದ್ದ ಅರ್ಥ ಅದೇ. ಯಾರಿಗೂ ಕೇಡು ಮಾಡಬಾರದು ಎಂಬುದನ್ನೇ ನೀತಿಯಾಗಿ ಇಟ್ಟುಕೊಂಡ ಪಂಥ, ಬೈಗುಳವಾಗಿದ್ದ ಪದವನ್ನು ಬೇಕೆಂದೇ ತನ್ನ ಗುರುತಾಗಿ ಎತ್ತಿಕೊಂಡಿತು.

ಗಾರ್ಡ್ನರ್ ಕಟ್ಟಿದ ವ್ಯವಸ್ಥೆಯಲ್ಲಿ ದೇವ ಮತ್ತು ದೇವಿ ಇಬ್ಬರೂ ಇದ್ದರು. ಹೆಣ್ಣಿಗೆ ಗಂಡು, ಗಂಡಿಗೆ ಹೆಣ್ಣು ದೀಕ್ಷೆ ಕೊಡಬೇಕಿತ್ತು, ಕೂಟದ ಮುಂದಾಳು ಅರ್ಚಕಿಯಾಗಿದ್ದಳು. ಆದರೆ ಆಕೆ ಆಡಬೇಕಾದ ಮಾತುಗಳನ್ನು ಬರೆದವರು ಬಹುಪಾಲು ಗಂಡಸರು. ಇದನ್ನು ಬದಲಿಸಿದವರು 1953ರಲ್ಲಿ ದೀಕ್ಷೆ ಪಡೆದ ಡೊರೀನ್ ವ್ಯಾಲಿಯೆಂಟ್ (1922–1999). ತಮಗೆ ಪ್ರಾಚೀನವೆಂದು ಕೊಟ್ಟ ಪಠ್ಯದಲ್ಲಿ ಲೇಲ್ಯಾಂಡರ ಸಾಲುಗಳ ಜೊತೆಗೆ ಇಂಗ್ಲೆಂಡಿನ ಮಾಂತ್ರಿಕ, ಲೇಖಕ ಅಲಿಸ್ಟರ್ ಕ್ರೌಲಿಯ ಬರಹದ ತುಣುಕುಗಳೂ ಸೇರಿಕೊಂಡಿರುವುದನ್ನು ಅವರು ಗುರುತಿಸಿದರು. ಗುರುತಿಸಿ ಸುಮ್ಮನಿರಲಿಲ್ಲ, ಗಾರ್ಡ್ನರರಿಗೇ ಅದನ್ನು ಹೇಳಿದರು. ಇದಕ್ಕಿಂತ ಚೆನ್ನಾಗಿ ಬರೆಯಬಲ್ಲೆಯಾದರೆ ಬರೆ ಎಂಬ ಅರ್ಥದ ಉತ್ತರ ಸಿಕ್ಕಿತು, ಅವರು ಬರೆದರು. ಕ್ರೌಲಿಯ ಭಾಗಗಳನ್ನು ಬಹುಮಟ್ಟಿಗೆ ತೆಗೆದು, ಮೊದಲು ಪದ್ಯದಲ್ಲಿಯೂ ಆಮೇಲೆ ಗದ್ಯದಲ್ಲಿಯೂ ಅವರು ರೂಪಿಸಿದ ‘ದೇವಿಯ ನುಡಿ’ ಇಂದು ಜಗತ್ತಿನ ಬಹುತೇಕ ವಿಕ್ಕಾ ಕೂಟಗಳಲ್ಲಿ ಕೇಳಿಬರುತ್ತದೆ. ಅದರಲ್ಲಿ ದೇವಿ ಬಲಿಯನ್ನು ಬೇಡುವುದಿಲ್ಲ. ಪ್ರೀತಿ ಮತ್ತು ಸುಖದ ನಡೆಗಳೆಲ್ಲವೂ ತನಗೆ ಪೂಜೆಯೇ ಎನ್ನುತ್ತಾಳೆ. ಅರಸುವುದು ಒಳಗೆ ಸಿಗದಿದ್ದರೆ ಹೊರಗೆಂದೂ ಸಿಗದು ಎಂದು ಎಚ್ಚರಿಸುತ್ತಾಳೆ. ದೇಹವನ್ನು, ಅದರಲ್ಲೂ ಹೆಣ್ಣಿನ ದೇಹವನ್ನು, ಪಾಪದ ಮೂಲವೆಂದು ಕಲಿಸಿದ ಸಂಸ್ಕೃತಿಯಲ್ಲಿ ಹೆಣ್ಣೊಬ್ಬಳು ದೇವಿಯ ಬಾಯಲ್ಲಿ ಈ ಮಾತುಗಳನ್ನು ಇಟ್ಟದ್ದು ಸಣ್ಣ ಸಂಗತಿಯಲ್ಲ.

ಆದರೆ ದೇವಿಗೆ ದೊರೆತ ಮನ್ನಣೆ ಅರ್ಚಕಿಗೆ ದೊರೆಯಲಿಲ್ಲ. ಗಾರ್ಡ್ನರರ ಪ್ರಚಾರದ ಹಂಬಲಕ್ಕೆ ಕಡಿವಾಣ ಹಾಕಲು 1957ರಲ್ಲಿ ವ್ಯಾಲಿಯೆಂಟ್ ಮತ್ತು ಕೆಲವು ಸಂಗಾತಿಗಳು ನಿಯಮಗಳನ್ನು ಸೂಚಿಸಿದಾಗ, ಪಂಥಕ್ಕೆ ಈಗಾಗಲೇ ಪುರಾತನ ಕಟ್ಟಳೆಗಳಿವೆ ಎಂದು ಗಾರ್ಡ್ನರ್ ಒಂದು ಪಟ್ಟಿಯನ್ನೇ ಮುಂದಿಟ್ಟರು. ಅರ್ಚಕಿಗೆ ವಯಸ್ಸಾದಂತೆ ಆಕೆ ತನಗಿಂತ ಕಿರಿಯಳಾದ ಹೆಣ್ಣಿಗೆ ಸ್ಥಾನವನ್ನು ಸೌಜನ್ಯದಿಂದ ಬಿಟ್ಟುಕೊಡಬೇಕು ಎಂಬುದು ಅವುಗಳಲ್ಲಿ ಒಂದು. ಆ ಕಟ್ಟಳೆಗಳು ಪುರಾತನವೆಂದು ವ್ಯಾಲಿಯೆಂಟ್ ನಂಬಲಿಲ್ಲ, ಅವರು ಕೂಟದಿಂದ ಹೊರನಡೆದರು. ಕನ್ಯೆ, ತಾಯಿ, ಮುದುಕಿ ಮೂವರನ್ನೂ ದೈವವೆಂದು ವಂದಿಸುವ ಕಡೆ ಅರ್ಚಕಿ ಮಾತ್ರ ಮುದುಕಿಯಾಗಬಾರದು ಎಂಬ ವಿಧಿ! ಹೆಣ್ಣುದೈವವಿದ್ದ ಮಾತ್ರಕ್ಕೆ ಹೆಣ್ಣಿಗೆ ಬಿಡುಗಡೆ ಸಿಗುವುದಿಲ್ಲ ಎಂಬುದನ್ನು ಕನ್ನಡ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ಹುಡುಗಿಯರನ್ನು ಬಿಡುತ್ತಿದ್ದ ಪದ್ಧತಿಯನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾನೂನನ್ನೇ ತರಬೇಕಾಯಿತು.

ದೇವಿಯನ್ನು ಹೆಣ್ಣುಮಕ್ಕಳ ಹಕ್ಕಿನ ಹೋರಾಟದೊಂದಿಗೆ ಬೆಸೆದದ್ದು ಅಮೆರಿಕದಲ್ಲಿ. ಹಂಗೇರಿಯಲ್ಲಿ 1940ರಲ್ಲಿ ಹುಟ್ಟಿ, 1956ರ ದಂಗೆಯ ನಂತರ ದೇಶ ಬಿಟ್ಟು ಬಂದ ಝುಝಾನಾ ಬುಡಾಪೆಸ್ಟ್ 1971ರಲ್ಲಿ ಲಾಸ್ ಏಂಜಲೀಸಿನಲ್ಲಿ ಹೆಂಗಸರಿಗೆ ಮಾತ್ರ ಮೀಸಲಾದ ಕೂಟವನ್ನು ಆರಂಭಿಸಿದರು. ಅದಕ್ಕೆ ಯಾವ ಪುರಾಣದ ದೇವಿಯ ಹೆಸರನ್ನೂ ಇಡದೆ, ಮಹಿಳಾ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಟನಿಯ ಹೆಸರಿಟ್ಟರು. ಗಾರ್ಡ್ನರರ ಪಂಥದಲ್ಲಿ ಗಂಡು–ಹೆಣ್ಣಿನ ಜೋಡಿ ಮುಖ್ಯವಾಗಿದ್ದರೆ, ಡಯಾನಿಕ್ ಎಂದು ಹೆಸರಾದ ಈ ಕವಲಿನಲ್ಲಿ ದೇವಿಯೊಬ್ಬಳೇ ಸಾಕಾಗಿದ್ದಳು. 1975ರಲ್ಲಿ, ವೇಷ ಮರೆಸಿಕೊಂಡು ಬಂದ ಮಹಿಳಾ ಪೊಲೀಸೊಬ್ಬರಿಗೆ ಟ್ಯಾರೋ ಕಾರ್ಡುಗಳಿಂದ ಭವಿಷ್ಯ ಹೇಳಿದ್ದಕ್ಕಾಗಿ ಬುಡಾಪೆಸ್ಟ್ ಬಂಧನಕ್ಕೊಳಗಾಗಿ, ತಪ್ಪಿತಸ್ಥೆಯೆಂಬ ತೀರ್ಪನ್ನೂ ಪಡೆದರು. ಭವಿಷ್ಯ ಹೇಳುವುದಕ್ಕಿದ್ದ ಅಂತಹ ನಿಷೇಧ ಅಸಿಂಧುವೆಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಸಾರಲು ಹತ್ತು ವರ್ಷಗಳು ಬೇಕಾದವು, ಅದೂ ಬೇರೊಂದು ಮೊಕದ್ದಮೆಯಲ್ಲಿ.

1978ರಲ್ಲಿ ಸಾಂತಾ ಕ್ರೂಸ್ ವಿಶ್ವವಿದ್ಯಾಲಯದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಧರ್ಮಶಾಸ್ತ್ರದ ವಿದ್ವಾಂಸೆ ಕ್ಯಾರಲ್ ಕ್ರೈಸ್ಟ್, ಹೆಂಗಸರಿಗೆ ದೇವಿ ಏಕೆ ಬೇಕು ಎಂಬ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡರು. ದೇವರು ಎಂದಿಗೂ ಗಂಡೇ ಎಂದು ಕೇಳಿ ಬೆಳೆದ ಹೆಣ್ಣು, ನಾಸ್ತಿಕಳಾದ ಮೇಲೂ, ಸಂಕಟದ ಹೊತ್ತಿನಲ್ಲಿ ಅಧಿಕಾರವನ್ನು ಗಂಡಿನ ರೂಪದಲ್ಲೇ ಕಾಣುತ್ತಾಳೆ. ಸಂಕೇತವನ್ನು ಬರಿದೇ ತಿರಸ್ಕರಿಸಿದರೆ ಸಾಲದು, ಅದರ ಜಾಗದಲ್ಲಿ ಇನ್ನೊಂದನ್ನು ಇಡಬೇಕು ಎಂಬುದು ಅವರ ವಾದದ ತಿರುಳು. ಈ ಚರ್ಚೆಯಲ್ಲಿ ನಾನು ಓದಿದ ಅತ್ಯಂತ ಗಟ್ಟಿಯಾದ ವಾದ ಇದೇ. ಏಕೆಂದರೆ ಇದು ಇತಿಹಾಸದ ಯಾವ ಕಥೆಯನ್ನೂ ಊರುಗೋಲಾಗಿ ಬೇಡುವುದಿಲ್ಲ. ಮರುವರ್ಷ ಸ್ಟಾರ್‌ಹಾಕ್ ಎಂಬ ಹೆಸರಿನಿಂದ ಬರೆಯುವ ಮಿರಿಯಂ ಸೈಮೋಸ್ ‘ದಿ ಸ್ಪೈರಲ್ ಡಾನ್ಸ್’ ಕೃತಿಯನ್ನು ಹೊರತಂದರು. ದೇವಿ ಲೋಕವನ್ನು ಹೊರಗಿನಿಂದ ಆಳುವವಳಲ್ಲ, ಲೋಕವೇ ದೇವಿ ಎಂಬುದು ಅವರ ನಿಲುವು. ಅಂದಮೇಲೆ ನದಿಯನ್ನೂ ಕಾಡನ್ನೂ ಕಾಯುವುದು ಪೂಜೆಯ ಭಾಗವೇ ಆಗುತ್ತದೆ. 1981ರಲ್ಲಿ ಡಿಯಾಬ್ಲೊ ಕ್ಯಾನ್ಯನ್ ಅಣುಸ್ಥಾವರದ ವಿರುದ್ಧ ನಡೆದ ತಡೆಯಲ್ಲಿ ಅವರೂ ಅವರ ಸಂಗಾತಿಗಳೂ ಪಾಲ್ಗೊಂಡದ್ದು ಈ ತಿಳಿವಳಿಕೆಯಿಂದಲೇ.

ಇದೇ ಹೊತ್ತಿಗೆ ಪುರಾತತ್ವವೂ ನೆರವಿಗೆ ಬಂದಂತೆ ಕಂಡಿತು. ಲಿಥುವೇನಿಯಾ ಮೂಲದ ಮಾರಿಯಾ ಗಿಂಬುಟಾಸ್ 1974ರಿಂದ ಮೊದಲುಗೊಂಡು ಬರೆದ ಗ್ರಂಥಗಳಲ್ಲಿ, ಆಗ್ನೇಯ ಯುರೋಪಿನ ನವಶಿಲಾಯುಗದ ಸ್ತ್ರೀಮೂರ್ತಿಗಳನ್ನು ಆಧರಿಸಿ, ದೇವಿಯನ್ನು ಪೂಜಿಸುತ್ತಿದ್ದ ಶಾಂತಿಪ್ರಿಯ ನಾಗರಿಕತೆಯೊಂದನ್ನು ಹುಲ್ಲುಗಾವಲಿನಿಂದ ವಲಸೆ ಬಂದ ಕುದುರೆ ಸವಾರರು ಹಾಳುಗೆಡವಿದರೆಂದು ಪ್ರತಿಪಾದಿಸಿದರು. ವಲಸೆಯ ಕುರಿತ ಅವರ ಮಾತಿಗೆ ಇತ್ತೀಚಿನ ಪ್ರಾಚೀನ ಡಿಎನ್‌ಎ ಅಧ್ಯಯನಗಳಿಂದ ಬಲ ಬಂದಿದೆ. ಒಂದೇ ಮಹಾದೇವಿಯ ಕುರಿತ ಮಾತಿಗೆ ಬಂದಿಲ್ಲ. ಟರ್ಕಿಯ ನವಶಿಲಾಯುಗದ ನೆಲೆಯಾದ ಚಾತಲ್‌ಹುಯುಕ್‌ನಲ್ಲಿ 1960ರ ದಶಕದಲ್ಲಿ ಪುರಾತತ್ವಜ್ಞ ಜೇಮ್ಸ್ ಮೆಲಾರ್ಟ್ ಕಂಡ ದೇವಿಯನ್ನು, 1993ರಿಂದ ಅಲ್ಲಿ ಮತ್ತೆ ಅಗೆತ ನಡೆಸಿದ ಇಯನ್ ಹಾಡರ್ ಅವರ ತಂಡ ಅಷ್ಟು ಖಚಿತವಾಗಿ ಕಾಣಲಿಲ್ಲ. ಮಣ್ಣಿನ ಹೆಣ್ಣುಗೊಂಬೆಯೊಂದು ದೇವಿಯೋ, ಪೂರ್ವಜಳೋ, ಮಕ್ಕಳ ಆಟಿಕೆಯೋ ಎಂಬುದನ್ನು ಗೊಂಬೆ ತಾನಾಗಿ ಹೇಳದು. ಯುರೋಪಿನಲ್ಲಿ ತೊಂಬತ್ತು ಲಕ್ಷ ಮಾಟಗಾತಿಯರನ್ನು ಸುಡಲಾಯಿತು ಎಂದು ಹೇಳಲಾಗುತ್ತಿದ್ದ ಲೆಕ್ಕವೂ ಹೀಗೆಯೇ ಬಿದ್ದುಹೋಯಿತು. ವಿದ್ವಾಂಸರು ಈಗ ಒಪ್ಪುವ ಸಂಖ್ಯೆ ಸುಮಾರು 40,000ದಿಂದ 60,000. ಅವರಲ್ಲಿ ಹೆಚ್ಚಿನವರು ಹೆಂಗಸರೇ, ಆದರೆ ಗುಪ್ತ ಧರ್ಮದ ಅನುಯಾಯಿಗಳಲ್ಲ. ನೆರೆಯವರ ದೂರಿಗೆ ಬಲಿಯಾದ ಸಾಮಾನ್ಯ ಕ್ರೈಸ್ತರು. ಅವರ ಸಾವನ್ನು ನೆನೆಯಲು ಸಂಖ್ಯೆಯನ್ನು ಹಿಗ್ಗಿಸಬೇಕಾಗಿರಲಿಲ್ಲ.

ಬ್ರಿಟಿಷ್ ಇತಿಹಾಸಕಾರ ರೊನಾಲ್ಡ್ ಹಟ್ಟನ್ 1999ರಲ್ಲಿ ಪಂಥದ ಆಧುನಿಕ ಹುಟ್ಟನ್ನು ವಿವರವಾಗಿ ಬಿಡಿಸಿಟ್ಟಾಗ ಹಲವರು ನೊಂದುಕೊಂಡರು. ಇನ್ನು ಹಲವರು ತಮ್ಮ ಶ್ರದ್ಧೆ ವಂಶಾವಳಿಯ ಮೇಲೆ ನಿಂತಿಲ್ಲ ಎಂದು ಅದನ್ನು ಒಪ್ಪಿಕೊಂಡರು. ಈಚಿನ ಜಗಳ ಬೇರೆಯದು. 2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಸಮಾವೇಶವೊಂದರಲ್ಲಿ, ಡಯಾನಿಕ್ ಕವಲಿನ ಗುಂಪೊಂದು ಲಿಂಗಪರಿವರ್ತಿತ ಮಹಿಳೆಯರನ್ನು ತನ್ನ ವಿಧಿಯಿಂದ ಹೊರಗಿಟ್ಟದ್ದು ದೊಡ್ಡ ವಿವಾದವಾಯಿತು. ಗರ್ಭ, ಮುಟ್ಟು, ಹೆರಿಗೆಗಳಲ್ಲಿ ದೇವಿಯನ್ನು ಕಂಡವರಿಗೆ, ಹೆಣ್ಣು ಎಂದರೆ ಯಾರು ಎಂಬ ಪ್ರಶ್ನೆ ಎದುರಾಯಿತು. ಸ್ಟಾರ್‌ಹಾಕ್ ಮಾತ್ರ ಬಹಳ ಮೊದಲೇ, ತಮ್ಮ ಕೃತಿಯ 1989ರ ಆವೃತ್ತಿಯಲ್ಲಿಯೇ, ಗಂಡು–ಹೆಣ್ಣಿನ ಗುಣಗಳನ್ನು ಎರಡು ಧ್ರುವಗಳೆಂದು ತಾವು ಬರೆದದ್ದರಿಂದ ಹಿಂದೆ ಸರಿದಿದ್ದರು.

2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 13,000 ಮಂದಿ ತಮ್ಮ ಧರ್ಮ ವಿಕ್ಕಾ ಎಂದು ಬರೆಸಿದ್ದಾರೆ. ಗಾರ್ಡ್ನರರ ಕೂಟವನ್ನು ಬಿಟ್ಟ ವ್ಯಾಲಿಯೆಂಟ್ ದೇವಿಯನ್ನು ಬಿಡಲಿಲ್ಲ, ದಾಖಲೆಗಳನ್ನೂ ಬಿಡಲಿಲ್ಲ. ಗಾರ್ಡ್ನರ್ ತಮ್ಮ ಗುಪ್ತ ಕೂಟದವರೆಂದು ಹೇಳಿದ್ದ ಡೊರೊತಿ ಎಂಬ ಮಹಿಳೆ ಕಲ್ಪಿತ ವ್ಯಕ್ತಿ ಎಂದು ವಿದ್ವಾಂಸರು ಅನುಮಾನಿಸಿದಾಗ, 1980ರಲ್ಲಿ ಹುಡುಕಾಟಕ್ಕೆ ಇಳಿದು, ಆ ಹೆಸರಿನ ಮಹಿಳೆ ನಿಜಕ್ಕೂ ಬದುಕಿದ್ದರು ಎಂಬುದನ್ನು ಜನನ–ಮರಣದ ದಾಖಲೆಗಳಿಂದ ತೋರಿಸಿದವರು ಅವರೇ. ಬ್ರೈಟನ್ನಿನಲ್ಲಿ ಅವರು ಕೊನೆಯ ವರ್ಷಗಳನ್ನು ಕಳೆದ ಸಾಧಾರಣ ವಸತಿ ಕಟ್ಟಡದ ಗೋಡೆಯ ಮೇಲೆ 2013ರಿಂದ ನೀಲಿ ಫಲಕವೊಂದಿದೆ. ಅದರಲ್ಲಿ ಅವರ ಹೆಸರಿನ ಕೆಳಗೆ ಮೊದಲು ಬರುವ ಪದ ‘ಕವಿ’.