ಬೂಟಿಲ್ಲದ್ದಕ್ಕೆ ಭಾರತಕ್ಕೆ 1950ರ ವಿಶ್ವಕಪ್ ತಪ್ಪಿತೇ?

ಪ್ರಶ್ನೆ: 1950ರ ಫುಟ್‌ಬಾಲ್ ವಿಶ್ವಕಪ್ಪಿಗೆ ಭಾರತಕ್ಕೆ ಜಾಗ ಸಿಕ್ಕಿತ್ತಂತೆ. ಬರಿಗಾಲಲ್ಲಿ ಆಡಕೂಡದು ಅಂತ ಫಿಫಾ ಹೇಳಿದ್ದಕ್ಕೆ ನಮ್ಮವರು ಹೋಗಲಿಲ್ಲವಂತೆ. ನಿಜವೇ?

ಉತ್ತರ: ಜಾಗ ಸಿಕ್ಕಿದ್ದು ನಿಜ. ಬರಿಗಾಲಿನ ಕಾರಣ ಸುಳ್ಳು. ವಿಶ್ವಕಪ್ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಕೊಡುತ್ತೇನೆ, ಮಾರನೇ ದಿನ ವಾಟ್ಸ್‌ಆ್ಯಪ್‌ನಲ್ಲಿ ಮತ್ತದೇ ಕಥೆ ಬಂದು ಕೂತಿರುತ್ತದೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿಯೇ ಹೇಳುತ್ತೇನೆ.

ಜಾಗ ಸಿಕ್ಕಿದ್ದು ಆಡಿ ಗೆದ್ದಲ್ಲ. ನಮ್ಮ ಜೊತೆ ಅರ್ಹತಾ ಸುತ್ತಿನಲ್ಲಿದ್ದ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಮೂರೂ ಹಿಂದೆ ಸರಿದವು. ಬ್ರೆಜಿಲ್‌ನಲ್ಲಿ ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿಗೆ ನಮ್ಮ ಹೆಸರು ಬಿತ್ತು.

ಈಗ ಬೂಟಿನ ವಿಷಯ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್, ಫ್ರಾನ್ಸ್ ವಿರುದ್ಧ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಪಾದಕ್ಕೆ ಬಟ್ಟೆಪಟ್ಟಿ ಬಿಗಿದುಕೊಂಡು ಇಳಿದರು, ಕೆಲವರು ಬೂಟು ಹಾಕಿಯೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 2–1ರಲ್ಲಿ ಸೋತೆವು. ಈ ಆಟ ನೋಡಿಯೇ ಫಿಫಾ ಬರಿಗಾಲನ್ನು ನಿಷೇಧಿಸಿತು, ಅದಕ್ಕೇ ಎರಡು ವರ್ಷದ ನಂತರ ಬ್ರೆಜಿಲ್ ಬಾಗಿಲು ಮುಚ್ಚಿತು ಎನ್ನುವುದು ಕಥೆ.

ಹಾಗಿದ್ದರೆ 1952ರಲ್ಲಿ ಏನಾಯಿತು ನೋಡಿ. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ವಿರುದ್ಧ ನಮ್ಮ ಹಲವು ಆಟಗಾರರು ಆ ಚಳಿಯಲ್ಲಿ ಮತ್ತೆ ಬರಿಗಾಲಲ್ಲೇ ಆಡಿದರು. ಯಾರೂ ತಡೆಯಲಿಲ್ಲ. ಆ ಪಂದ್ಯವನ್ನು 10–1ರಲ್ಲಿ ಸೋತು ಬಂದ ಮೇಲೆ ನಮ್ಮ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವೇ ಬೂಟು ಕಡ್ಡಾಯ ಮಾಡಿತು. 1950ರಲ್ಲಿ ಬರಿಗಾಲು ನಿಷೇಧವಾಗಿದ್ದರೆ 1952ರಲ್ಲಿ ಬರಿಗಾಲಲ್ಲಿ ಆಡಿದ್ದು ಹೇಗೆ? ಇಷ್ಟು ವರ್ಷದಲ್ಲಿ ಈ ಪ್ರಶ್ನೆಗೆ ಒಬ್ಬರಿಂದಲೂ ನನಗೆ ಉತ್ತರ ಸಿಕ್ಕಿಲ್ಲ.

ಒಕ್ಕೂಟ ಆಗ ಕೊಟ್ಟ ಕಾರಣದಲ್ಲೂ ಬೂಟಿನ ಮಾತಿಲ್ಲ. ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ, ಅಭ್ಯಾಸಕ್ಕೆ ಸಮಯ ಸಾಲದು ಎಂದಿತು. ಹಣವಿರಲಿಲ್ಲ ಎಂದರೂ ಪೂರ್ತಿ ಸರಿಯಲ್ಲ, ಖರ್ಚಿನ ದೊಡ್ಡ ಪಾಲು ಕೊಡಲು ಬ್ರೆಜಿಲ್ ಮುಂದೆ ಬಂದಿತ್ತು. ಅಸಲಿಗೆ ವಿಶ್ವಕಪ್ಪಿಗೆ ನಮ್ಮ ಅಧಿಕಾರಿಗಳು ಬೆಲೆ ಕೊಡಲೇ ಇಲ್ಲ. ಆಗ ಎಲ್ಲರ ಕಣ್ಣು ಒಲಿಂಪಿಕ್ಸ್ ಮೇಲೆ. ತಮಗೂ ಒಲಿಂಪಿಕ್ಸೇ ಸರ್ವಸ್ವವಾಗಿತ್ತು ಎಂದು ಆ ಕಾಲದ ಹಿರಿಯ ಆಟಗಾರ ಶೈಲೇನ್ ಮನ್ನಾ ಮುಂದೆ ಹೇಳಿಕೊಂಡಿದ್ದಾರೆ.

ಹಾಗೆ ನೋಡಿದರೆ ಹಿಂದೆ ಸರಿದವರು ನಾವೊಬ್ಬರೇ ಅಲ್ಲ. ಸ್ಕಾಟ್ಲೆಂಡ್ ಬರಲಿಲ್ಲ, ಟರ್ಕಿ ಬರಲಿಲ್ಲ, ಕರೆದ ಮೇಲೂ ಫ್ರಾನ್ಸ್ ಒಲ್ಲೆ ಎಂದಿತು. 16 ತಂಡ ಆಡಬೇಕಿದ್ದ ಕೂಟದಲ್ಲಿ ಆಡಿದ್ದು 13. ಅವರ್ಯಾರಿಗೂ ಬೂಟಿನ ಕೊರತೆ ಇರಲಿಲ್ಲ.

ಆದರೂ ಈ ಕಥೆ ಸಾಯದಿರುವುದಕ್ಕೆ ಕಾರಣವಿದೆ. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಕ್ಲಬ್ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಕೂಟ ಗೆದ್ದಾಗ ಹನ್ನೊಂದರಲ್ಲಿ ಹತ್ತು ಮಂದಿ ಬರಿಗಾಲಲ್ಲಿದ್ದರು. ಬೂಟು ತೊಟ್ಟ ಬ್ರಿಟಿಷರನ್ನು ಬರಿಗಾಲಲ್ಲಿ ಗೆದ್ದ ಆ ಹೆಮ್ಮೆ ಸಣ್ಣದಲ್ಲ. ಆ ಹೆಮ್ಮೆಯ ಮರೆಯಲ್ಲಿ 1950ರ ಆಡಳಿತಗಾರರ ತಪ್ಪು ನಿರ್ಧಾರ ಅಡಗಿ ಕೂತಿದೆ. ನನಗೆ ಬೇಸರವಾಗುವುದು ಅದಕ್ಕೇ. ಮರುವರ್ಷವೇ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಲೆಮಾರು ಅದು. ಅವರಿಗೆ ಒಂದು ಅವಕಾಶ ಕೊಡಲಿಲ್ಲ, ಮೇಲೆ ತಪ್ಪನ್ನು ಅವರ ಕಾಲಿಗೇ ಕಟ್ಟಿದರು.

ಇಷ್ಟು ಕೇಳಿದವರು, ಆ ತಂಡ ಬ್ರೆಜಿಲ್‌ಗೆ ಹೋಗಿದ್ದರೆ ನಮ್ಮೂರಿನವರು ಯಾರಿರುತ್ತಿದ್ದರು ಎಂದು ಕೇಳುವುದೇ ಇಲ್ಲ. ಕೇಳಬೇಕು! ಲಂಡನ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹೆಲ್ಸಿಂಕಿಯಲ್ಲಿ ನಮ್ಮ ಒಂದೇ ಒಂದು ಗೋಲು ಹೊಡೆದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳು ಇಂದಿಗೂ ನೆನೆಯುವ ಐವರು ಮುಂಚೂಣಿ ಆಟಗಾರರಾದ 'ಪಂಚಪಾಂಡವ'ರಲ್ಲಿ ಅವರೊಬ್ಬರು. ಸ್ವತಂತ್ರ ಭಾರತದ ಮೊದಲ ಗೋಲು ಯಾರದ್ದು ಎಂದರೆ ಬೆಂಗಳೂರಿನ ಹುಡುಗರಿಗೇ ರಾಮನ್ ಹೆಸರು ಬಾಯಿಗೆ ಬರುವುದಿಲ್ಲ.

ಬೆಂಗಳೂರಿನಿಂದ ಇಂಥ ಆಟಗಾರರು ಬಂದದ್ದು ಆಕಸ್ಮಿಕವಲ್ಲ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಡೆಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಬೀದಿಯ ಹುಡುಗರು ತಮ್ಮದಾಗಿಸಿಕೊಂಡರು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಸತತವಾಗಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದು ತಂದಿತು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಂತಿರುವುದೂ ಅದೇ ಪರಂಪರೆಯಿಂದ.

ಹಾಗೆಯೇ ಇನ್ನೊಂದು ತಪ್ಪು ತಿದ್ದಿಬಿಡುತ್ತೇನೆ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ, ರಾಜ್ಯ ತಂಡಗಳ ರಾಷ್ಟ್ರೀಯ ಕೂಟವಾದ ಸಂತೋಷ್ ಟ್ರೋಫಿ ಗೆದ್ದಾಗ ಅದು ನಮ್ಮ ಮೊದಲ ಗೆಲುವು ಎಂದುಕೊಂಡವರು ಬಹಳ ಮಂದಿ. ಮೊದಲನೆಯದಲ್ಲ, ಐದನೆಯದು. ಹಿಂದಿನ ನಾಲ್ಕೂ ದಾಖಲೆಯಲ್ಲಿ ರಾಜ್ಯದ ಹಳೆಯ ಹೆಸರಾದ ಮೈಸೂರು ಎಂಬ ಹೆಸರಿನಲ್ಲಿವೆ.