ಒಮ್ಮಾಯ ರಿಸರ್ವಾಯರ್ ಕೋಡಿಂಗ್: ‘ಐಟಿ’ ಅಂತ ಬರೆದಿದ್ದರೆ ಸೂಜಿ ಚುಚ್ಚಿದ್ದೆಲ್ಲಿ ನೋಡಿ

ಶಿವಮೊಗ್ಗದಲ್ಲಿ ಕೂತು ಅಮೆರಿಕದ ಚಾರ್ಟ್‌ಗಳನ್ನು ಕೋಡ್ ಮಾಡಲು ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಸಿಪಿಟಿ (ಚಿಕಿತ್ಸೆಯ ಕೋಡ್), ಐಸಿಡಿ (ರೋಗದ ಕೋಡ್) ಪುಸ್ತಕ ತಿರುವಲು ಬರುತ್ತದೆ ಎಂದುಕೊಂಡೇ ಶುರುಮಾಡುತ್ತೇನೆ.

ಒಮ್ಮಾಯ ರಿಸರ್ವಾಯರ್ ಎಂಬ ಈ ಸಾಧನ ಸರಳ. ತಲೆಯ ಚರ್ಮದಡಿ ಗುಮ್ಮಟದಂಥ ಸಣ್ಣ ಸಿಲಿಕೋನ್ ಬುಡ್ಡೆ, ಅದರಿಂದ ಮಿದುಳಿನ ವೆಂಟ್ರಿಕಲ್‌ಗೆ, ಅಂದರೆ ದ್ರವ ತುಂಬಿದ ಕುಹರಕ್ಕೆ, ಇಳಿದ ಕ್ಯಾಥೆಟರ್ (ಸಣ್ಣ ನಳಿಕೆ). ನರಶಸ್ತ್ರಚಿಕಿತ್ಸಕ ಅಯೂಬ್ ಒಮ್ಮಾಯ 1963ರಲ್ಲಿ ಇದನ್ನು ಪ್ರಕಟಿಸಿದರು, ಹೆಸರೂ ಹಾಗೇ ಉಳಿಯಿತು.

ಕೂರಿಸುವುದಕ್ಕೆ: ತಲೆಬುರುಡೆಗೆ ಬರ್ ಹೋಲ್ ಕೊರೆದು ಕ್ಯಾಥೆಟರ್ ಇಳಿಸಿದರೆ 61210, ಟ್ವಿಸ್ಟ್ ಡ್ರಿಲ್ ಆದರೆ 61107. ಅದಕ್ಕೆ ಜೋಡಿಸಲು ಚರ್ಮದಡಿ ರಿಸರ್ವಾಯರ್ ಅಥವಾ ಪಂಪ್ ಇಟ್ಟರೆ 61215. ನೋಟ್‌ನಲ್ಲಿ ಬರೀ ‘ಹೋಲ್’ ಅಂತಿದ್ದರೆ ಊಹೆ ಬೇಡ, ಸರ್ಜನ್‌ಗೆ ಕ್ವೆರಿ ಕಳಿಸಿ. 61210ಕ್ಕೆ ‘ಸಪರೇಟ್ ಪ್ರೊಸೀಜರ್’ ಎಂಬ ಬಾಲವಿದೆ, ಅಂದರೆ ದೊಡ್ಡ ಕೆಲಸದ ಭಾಗವಾದಾಗ ಸಾಮಾನ್ಯವಾಗಿ ಬೇರೆ ಹಾಕುವಂತಿಲ್ಲ. 61210, 61215 ಎರಡನ್ನೂ ಒಟ್ಟಿಗೆ ಹಾಕುವ ಮೊದಲು ಎನ್‌ಸಿಸಿಐ ಎಡಿಟ್ (ಯಾವ ಕೋಡ್‌ಗಳು ಜೊತೆಯಾಗಿ ನಡೆಯವು ಎಂಬ ಪಟ್ಟಿ) ನೋಡಿಕೊಳ್ಳಿ.

ಎಲ್ಲರೂ ಜಾರುವುದು ಮುಂದಿನ ಹೆಜ್ಜೆಯಲ್ಲಿ. ಚಾರ್ಟ್‌ನಲ್ಲಿ ‘ಐಟಿ ಸೈಟರಾಬಿನ್ ಕೊಡಲಾಯಿತು’ ಅಂತಿರುತ್ತದೆ. ಸೈಟರಾಬಿನ್ ಒಂದು ಕಿಮೊ ಔಷಧಿ. ಐಟಿ ಎಂದರೆ ಇಂಟ್ರಾಥೀಕಲ್ (ಬೆನ್ನುಹುರಿ ಸುತ್ತಲಿನ ದ್ರವಕ್ಕೆ ಕೊಡುವುದು), ಅದಕ್ಕೆ 96450 ಎಂದು ಕೈ ತಾನಾಗಿ ಬರೆಯುತ್ತದೆ. ತಪ್ಪಿರಬಹುದು. ಬೆನ್ನಿನಿಂದ ಕೊಟ್ಟರೂ ತಲೆಯ ಬುಡ್ಡೆಯಿಂದ ಕೊಟ್ಟರೂ ಔಷಧಿ ಸೇರುವುದು ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವವಾದ ಸಿಎಸ್‌ಎಫ್‌ಗೇ, ಹಾಗಾಗಿ ವೈದ್ಯರು ಎರಡಕ್ಕೂ ಐಟಿ ಅಂತಲೇ ಬರೆದುಬಿಡುತ್ತಾರೆ. ಕೋಡ್ ಮಾತ್ರ ದಾರಿ ಕೇಳುತ್ತದೆ.

ಅಡಿಕೆಗೆ ಕೊಳೆ ಔಷಧಿ ಹೊಡೆಸುವುದನ್ನು ನೆನೆಸಿಕೊಳ್ಳಿ. ಬೋರ್ಡೋ ದ್ರಾವಣ ಒಂದೇ. ಕೊನೆಗಾರ ಮರ ಹತ್ತಿ ಹೊಡೆದರೆ ಒಂದು ಕೂಲಿ, ದೋಟಿ ಹಿಡಿದು ನೆಲದಿಂದ ಹೊಡೆದರೆ ಇನ್ನೊಂದು. ಸುಣ್ಣ, ಮೈಲುತುತ್ತದ ಲೆಕ್ಕ ಬೇರೆ ಚೀಟಿ. ಇಲ್ಲಿ ಕೂಲಿ ಸಿಪಿಟಿ ಕೋಡ್, ಮೈಲುತುತ್ತದ ಚೀಟಿ ಜೆ-ಕೋಡ್, ಅಂದರೆ ಔಷಧಿಯ ಕೋಡ್.

ನೋಟ್‌ನಲ್ಲಿ ‘ಎಲ್3-ಎಲ್4’, ‘ಸ್ಪೈನಲ್ ನೀಡಲ್’, ‘ಓಪನಿಂಗ್ ಪ್ರೆಷರ್’ ಕಂಡರೆ 96450. ಬೆನ್ನು ಚುಚ್ಚಿದ್ದು ಅದರೊಳಗೇ ಸೇರಿದೆ, 62270 ಬೇರೆ ಹಾಕುವಂತಿಲ್ಲ. ‘ರಿಸರ್ವಾಯರ್ ಆಕ್ಸೆಸ್’, ‘ಬಟರ್‌ಫ್ಲೈ ಸೂಜಿ’, ‘ನೆತ್ತಿ ಶುಚಿಗೊಳಿಸಿ’ ಅಂತಿದ್ದರೆ 96542. ಒಂದೇ ಸಲಕ್ಕೆ ಎರಡು ಕಿಮೊ ಔಷಧಿ ಕೊಟ್ಟರೂ 96542 ಒಂದೇ. ಅದರ ವಿವರಣೆಯಲ್ಲೇ ‘ಒಂದು ಅಥವಾ ಹಲವು’ ಎಂದಿದೆ. ಔಷಧಿ ಬಿಡುವ ಮೊದಲು ಅದೇ ಸೂಜಿಯಲ್ಲಿ ಸ್ವಲ್ಪ ಸಿಎಸ್‌ಎಫ್ ಎಳೆಯುತ್ತಾರಲ್ಲ, ಅದಕ್ಕೆಂದು 61070 ಸೇರಿಸಬೇಡಿ. ಪರೀಕ್ಷೆಗಾಗಿ ಬರೀ ಸಿಎಸ್‌ಎಫ್ ತೆಗೆದ ದಿನಕ್ಕೆ ಆ ಕೋಡ್ ಇರಲಿ. ಬುಡ್ಡೆಯೊಳಕ್ಕೆ ಹೋದದ್ದು ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಆದರೆ ಅದು ಕಿಮೊ ಅಲ್ಲ, 96542 ಬಿಟ್ಟು 61026, 61070ರ ವಿವರಣೆಗಳನ್ನು ಅಕ್ಕಪಕ್ಕ ಇಟ್ಟು ನೋಟ್‌ಗೆ ತಾಳೆ ನೋಡಿ.

ಒಳರೋಗಿಯಾಗಿದ್ದರೆ ಆಸ್ಪತ್ರೆ ಬಿಲ್ಲಿಗೆ ಪಿಸಿಎಸ್ (ಒಳರೋಗಿ ಚಿಕಿತ್ಸೆಯ ಕೋಡ್). ಅಲ್ಲೂ ಇದೇ ಬಲೆ, ಒಂದಕ್ಷರದಲ್ಲಿ: ತಲೆಯಿಂದ ಕೊಟ್ಟರೆ 3ಇ0ಕ್ಯೂ305, ಬೆನ್ನಿನಿಂದ ಆದರೆ 3ಇ0ಆರ್305. ನಾಲ್ಕನೇ ಅಕ್ಷರ ಮಾತ್ರ ಬೇರೆ.

ರೋಗನಿರ್ಣಯ: ಕಿಮೊಗೆಂದೇ ಬಂದಿದ್ದರೆ ಝಡ್51.11 ಮೊದಲು, ಆಮೇಲೆ ಕ್ಯಾನ್ಸರ್. ಮಿದುಳಿನ ಪೊರೆಗೆ ಹರಡಿದ್ದರೆ ಸಿ79.32, ಮಿದುಳಿಗೇ ಹರಡಿದ್ದರೆ ಸಿ79.31.

ಸೈಟರಾಬಿನ್‌ಗೆ ಜೆ9100, ಯೂನಿಟ್‌ಗೆ 100 ಮಿ.ಗ್ರಾಂ. ಕೊಟ್ಟದ್ದು 50 ಆದರೂ ಒಂದು ಯೂನಿಟ್. ಉಳಿದ 50 ಚೆಲ್ಲಿದ್ದಕ್ಕೆ ಜೆಡಬ್ಲ್ಯೂ (ಚೆಲ್ಲಿದ ಔಷಧಿಯ ಗುರುತು) ಸಾಲು ಹಾಕಿದರೆ ಒಂದೇ ಬಾಟಲಿಗೆ ಎರಡು ಸಲ ದುಡ್ಡು ಕೇಳಿದಂತಾಗುತ್ತದೆ.

ಚರ್ಮದಡಿ ಪಂಪ್ ಇದ್ದು ಅದನ್ನು ಮರುತುಂಬಿದರೆ 95990, ಅದಕ್ಕೆ ವೈದ್ಯರ ಕೈಯೇ ಬೇಕಾದರೆ 95991. ಇನ್ನು ಕ್ಯಾಥೆಟರ್ ವೆಂಟ್ರಿಕಲ್‌ಗೆ ಹೋಗದೆ ನೇರ ಮಿದುಳಿನ ಅಂಗಾಂಶಕ್ಕೇ ಇಳಿದು ಒತ್ತಡದಲ್ಲಿ ನಿಧಾನ ಔಷಧಿ ಹರಿಸುವ ಬಗೆ. ಹಳೇ ನೋಟ್ಸ್‌ನಲ್ಲಿ 0169ಟಿ ಸಿಗುತ್ತದೆ, ಅದನ್ನು ತೆಗೆದುಹಾಕಿದ್ದಾರೆ. ಈಗ 64999, ಅನ್‌ಲಿಸ್ಟೆಡ್, ಅಂದರೆ ತನ್ನದೇ ಕೋಡ್ ಇಲ್ಲದ ಕೆಲಸಕ್ಕೆ ಹಾಕುವುದು. ಕ್ಲೇಮ್ ಜೊತೆ ಆಪರೇಷನ್ ನೋಟ್ ಮತ್ತು ಹೋಲಿಕೆಗೊಂದು ಕೋಡ್ ಲಗತ್ತಿಸಿ, ಇಲ್ಲದಿದ್ದರೆ ಕಾಗದ ಕೇಳಿ ವಾಪಸ್ ಬರುತ್ತದೆ.