ನಾಲ್ಕು ಮೂಲೆ ನೋಡಿದರೆ ಸಾಕೆ?

ಉಗಿ ಯಂತ್ರದ ವೇಗವನ್ನು ಹದದಲ್ಲಿಡಬೇಕಾದ ಗವರ್ನರೇ ಕೆಲವೊಮ್ಮೆ ಓಲಾಡತೊಡಗುತ್ತಿತ್ತು. ಕಾರಣವನ್ನು 1868ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಬಿಡಿಸಿಟ್ಟರು: ಯಂತ್ರದ ಚಲನೆಯನ್ನು ಹೇಳುವ ಸಮೀಕರಣದ ಎಲ್ಲ ಮೂಲಗಳ (ಅದನ್ನು ಬಿಡಿಸಿದಾಗ ಸಿಗುವ ಉತ್ತರಗಳ) ವಾಸ್ತವ ಭಾಗ ಋಣವಾಗಿದ್ದರೆ ಓಲಾಟ ಅಡಗುತ್ತದೆ, ಒಂದು ಧನವಾದರೂ ಬೆಳೆಯುತ್ತದೆ. ಮೂಲಗಳನ್ನು ಲೆಕ್ಕಹಾಕದೆಯೇ ಇದನ್ನು ಪರೀಕ್ಷಿಸುವ ದಾರಿಯನ್ನು 1877ರಲ್ಲಿ ಗಣಿತಜ್ಞ ರೌತ್ ಕೊಟ್ಟರು. ಟರ್ಬೈನ್ ತಜ್ಞ ಸ್ಟೊಡೋಲಾ ಕೇಳಿದ್ದಕ್ಕೆ ಜ್ಯೂರಿಚ್‌ನ ಗಣಿತಜ್ಞ ಹರ್ವಿಟ್ಸ್ 1895ರಲ್ಲಿ ಬೇರೆ ದಾರಿಯಿಂದ ಅಲ್ಲಿಗೇ ತಲುಪಿದರು. ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಸಾಲು-ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಚೌಕದಲ್ಲಿ, ಬರೆದರೆ ಈ ಮೂಲಗಳೇ ಐಗನ್‌ವ್ಯಾಲ್ಯೂಗಳು.

ಇವರೆಲ್ಲ ಸಂಖ್ಯೆಗಳು ಖಚಿತವಾಗಿ ಗೊತ್ತು ಎಂದುಕೊಂಡೇ ಹೊರಟವರು. ಆದರೆ ಚಿನ್ನದ ಬಣ್ಣದ ಪಟ್ಟಿಯಿರುವ ರೆಸಿಸ್ಟರ್ ಕೂಡ ಶೇ 5ರಷ್ಟು ಆಚೀಚೆ ಇರಬಹುದು. ಇಂಧನ ಉರಿದಂತೆ ವಿಮಾನದ ತೂಕ ಇಳಿಯುತ್ತದೆ. ಸೋವಿಯತ್ ಗಣಿತಜ್ಞ ಖರಿಟೋನೊವ್ 1978ರಲ್ಲಿ ಇದಕ್ಕೊಂದು ಬೆರಗಿನ ಉತ್ತರ ಕೊಟ್ಟರು. ಸಮೀಕರಣದ ಬಹುಪದೋಕ್ತಿಯ ಪ್ರತಿ ಸಹಗುಣಕವೂ ತನ್ನ ಮಿತಿಯೊಳಗೆ ಸ್ವತಂತ್ರವಾಗಿ ಅಲುಗಾಡಲಿ, ಘಾತ ಎಷ್ಟೇ ಇರಲಿ, ಸಹಗುಣಕಗಳು ತಮ್ಮ ಮಿತಿಯ ತುದಿಗಳಲ್ಲಿರುವ ಕೇವಲ ನಾಲ್ಕು ಬಹುಪದೋಕ್ತಿಗಳನ್ನು, ಅಂದರೆ ನಾಲ್ಕು ‘ಮೂಲೆ’ಗಳನ್ನು, ಪರೀಕ್ಷಿಸಿದರೆ ಸಾಕು!

ಹಾಗಾದರೆ ಸಂಖ್ಯೆಗಳು ಅಲುಗಾಡುವ ಮ್ಯಾಟ್ರಿಕ್ಸ್‌ಗೂ ಪ್ರತಿ ಸಂಖ್ಯೆ ತನ್ನ ಮಿತಿಯ ತುದಿಯಲ್ಲಿರುವ ಮೂಲೆಗಳನ್ನು ನೋಡಿದರೆ ಸಾಲದೇ? ಸಾಕು ಎಂದು ಬಿಯಾಲಾಸ್ 1983ರಲ್ಲಿ ಪ್ರಕಟಿಸಿದರು. ಮರುವರ್ಷವೇ ಬಾರ್ಮಿಷ್ ಮತ್ತು ಹೋಲೊಟ್ ಪ್ರತ್ಯುದಾಹರಣೆ ಕೊಟ್ಟು ಅದನ್ನು ಕೆಡವಿದರು. ಅವರ ಉದಾಹರಣೆ ಬೇರೆ. ತೊಡಕು ಎಲ್ಲಿದೆಯೆಂದು ಎರಡು ಸಾಲಿನ ಎರಡೇ ಮ್ಯಾಟ್ರಿಕ್ಸ್‌ಗಳ ನಡುವೆ, ಇನ್ನೂ ಚಿಕ್ಕದರಲ್ಲೇ ನೋಡಬಹುದು. ಕರ್ಣದಲ್ಲಿ ಎರಡೂ ಕಡೆ −1, ಉಳಿದೆರಡು ಮನೆಗಳಲ್ಲಿ 4 ಮತ್ತು 0. ಐಗನ್‌ವ್ಯಾಲ್ಯೂ ಎರಡೂ −1, ಓಲಾಟ ಅಡಗುತ್ತದೆ, ಅಂದರೆ ಸ್ಥಿರ. 4, 0 ಅದಲುಬದಲಾದರೂ ಹಾಗೆಯೇ. ಈಗ ಇವೆರಡರ ಸರಾಸರಿ ತೆಗೆಯಿರಿ: ಆ ಮನೆಗಳಲ್ಲಿ 2, 2. ಐಗನ್‌ವ್ಯಾಲ್ಯೂಗಳು −3 ಮತ್ತು +1, ಅಂದರೆ ಅಸ್ಥಿರ. ಇಲ್ಲಿ ಲೆಕ್ಕಕ್ಕೆ ಬರುವುದು ಆ ಎರಡು ಮನೆಗಳ ಗುಣಲಬ್ಧ. ತುದಿಗಳಲ್ಲಿ ಸೊನ್ನೆಯಾಗಿದ್ದದ್ದು ನಡುವೆ 4 ಆಗುತ್ತದೆ. ಖರಿಟೋನೊವ್ ನೆಚ್ಚಿಕೊಂಡಿದ್ದ ಆ ಸ್ವಾತಂತ್ರ್ಯ ಇಲ್ಲಿಲ್ಲ, ಒಂದು ಮನೆ ಅಲುಗಿದರೆ ಹಲವು ಸಹಗುಣಕಗಳು ಒಟ್ಟಿಗೇ ಅಲುಗುತ್ತವೆ.

ಸಮಮಿತ (ಕರ್ಣದ ಆಚೀಚೆ ಒಂದೇ ಸಂಖ್ಯೆಗಳಿರುವ) ಮ್ಯಾಟ್ರಿಕ್ಸ್‌ಗಳಾದರೆ ಮೂಲೆಗಳು ಸಾಕು. ಆದರೂ 30 ಸಾಲಿನದಕ್ಕೆ ಸುಮಾರು 54 ಕೋಟಿ ಮೂಲೆಗಳನ್ನು ನೋಡಬೇಕಾದೀತು. ಸಾಮಾನ್ಯ ಪ್ರಶ್ನೆ ಎನ್‌ಪಿ-ಹಾರ್ಡ್, ಅಂದರೆ ವೇಗವಾಗಿ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ ಬಗೆಯದು, ಎಂದು ಗಣಿತಜ್ಞ ನೆಮಿರೊವ್‌ಸ್ಕಿ 1993ರಲ್ಲಿ ಸಾಧಿಸಿದ ಮೇಲೆ ಸುಲಭ ಸೂತ್ರದ ಆಸೆಗೆ ಬಹುಮಟ್ಟಿಗೆ ತೆರೆ ಬಿತ್ತು.

ಹಾಗಾಗಿ ಎಂಜಿನಿಯರುಗಳು ಅರ್ಧ ಉತ್ತರಗಳಲ್ಲೇ ಸಂಸಾರ ನಡೆಸುತ್ತಾರೆ. 1931ರ ಗೆರ್ಶ್‌ಗೊರಿನ್ ವೃತ್ತಗಳು ಅಂಥದ್ದೊಂದು: ಕರ್ಣದ ಪ್ರತಿ ಸಂಖ್ಯೆಯೂ ಋಣವಾಗಿದ್ದು, ಎಷ್ಟೇ ಅಲುಗಿದರೂ ತನ್ನ ಸಾಲಿನ ಉಳಿದವುಗಳ ಒಟ್ಟು ಗಾತ್ರಕ್ಕಿಂತ ಗಾತ್ರದಲ್ಲಿ ದೊಡ್ಡದಾಗಿಯೇ ಉಳಿದರೆ ಸ್ಥಿರತೆ ಖಚಿತ. ಆದರೆ ಈ ಪರೀಕ್ಷೆ ಅತಿಜಾಗ್ರತೆಯದು. ನಾವು ಮೇಲೆ ನೋಡಿದ 4, 0ರ ಸ್ಥಿರ ಮ್ಯಾಟ್ರಿಕ್ಸ್ ಕೂಡ ಇದರಲ್ಲಿ ಪಾಸಾಗುವುದಿಲ್ಲ.